ನೋಡದೆ ಇಟ್ಟ ಹೆಜ್ಜೆ

ಜನ್ನನ ‘ಯಶೋಧರ ಚರಿತೆ’ಯನ್ನು ಓದದವರಿಗೂ ಹಿಟ್ಟಿನ ಕೋಳಿಯ ಕಥೆ ಗೊತ್ತು. ದೇವಿಗೆ ಬಲಿ ಕೊಡಲೇಬೇಕೆಂದು ತಾಯಿಯ ಹಟ, ಜೀವ ತೆಗೆಯಲಾರೆನೆಂದು ಮಗನ ಹಟ. ಕೊನೆಗೆ ಹಿಟ್ಟಿನಲ್ಲಿ ಕೋಳಿ ಮಾಡಿಸಿ ಅದರ ಕೊರಳಿಗೆ ಕತ್ತಿ ಬೀಸುತ್ತಾರೆ. ಕಡಿದದ್ದು ಬರೀ ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. 1209ರ ಈ ಕಾವ್ಯವನ್ನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಮಕ್ಕಳಿಗೆ ಕಥೆಯಾಗಿ ಹೇಳಿದ್ದೇನೆ. ಕೊಲ್ಲುವ ಸಂಕಲ್ಪವೇ ಹಿಂಸೆ, ಎದುರಿಗೆ ಜೀವವಿದ್ದರೇನು, ಹಿಟ್ಟಿದ್ದರೇನು. ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ನನ್ನನ್ನು ಬಹುಕಾಲ ಕಾಡಿದ್ದು ಇದರ ಮಗ್ಗುಲಿನಲ್ಲೇ ಇರುವ ಇನ್ನೊಂದು ಪ್ರಶ್ನೆ. ಕೇಡು ಮಾಡಬೇಕೆಂಬ ಸಂಕಲ್ಪವೇ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ, ದ್ವೇಷವಿಲ್ಲ. ನೋಡಬೇಕಾದ್ದನ್ನು ನೋಡಲಿಲ್ಲ, ಅಷ್ಟೇ. ಅದರಿಂದ ನಾವೆಂದೂ ಕಾಣದ ಯಾರಿಗೋ ತೊಂದರೆಯಾಯಿತು. ಅದು ಹಿಂಸೆಯೇ?

ನಮ್ಮ ಜೈನ ಆಚಾರ್ಯರು ಇಲ್ಲಿ ಮಾತು ಮರೆಸುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಮೊದಲು ಬರುವುದು ಪ್ರಮಾದ, ಆಮೇಲೆ ಪ್ರಾಣಹರಣ. ಮೈಮರೆತು ನಡೆದುಕೊಂಡದ್ದೇ ಹಿಂಸೆಯ ಬೇರು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎಚ್ಚರವಿಲ್ಲದೆ ನಡೆಯುವವನ ಕಾಲಡಿ ಜೀವ ಸತ್ತರೂ ಉಳಿದರೂ ಅವನು ಹಿಂಸಕನೇ. ಎಚ್ಚರದಿಂದ ನಡೆಯುವವನ ಕಾಲಡಿ ಒಂದು ಜೀವ ಸಿಕ್ಕಿ ಸತ್ತರೂ ಅಷ್ಟರಿಂದ ಅವನಿಗೆ ಕರ್ಮಬಂಧವಿಲ್ಲ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಯೇ ಹೆಜ್ಜೆ ಇಡುವುದು, ನವಿಲುಗರಿಯ ಪಿಂಛಿಯಿಂದ ಸವರಿಯೇ ಕೂರುವುದು ಇದಕ್ಕಾಗಿ.

ಇದನ್ನೆಲ್ಲ ನಾನು ಓದಿದ್ದೆ. ಬದುಕಿನಲ್ಲಿ ಇದು ಎಲ್ಲಿ ತಗಲುತ್ತದೆ ಎಂದು ತಿಳಿದದ್ದು ನಮ್ಮ ಊರ ಬಸದಿಯ ವೆಬ್‌ಸೈಟನ್ನು ನೋಡಿಕೊಳ್ಳುವ ಕೆಲಸ ಕೈಗೆ ಬಂದ ಮೇಲೆ.

ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಿಂದ ಒಳಗೆ, ಗದ್ದೆ ಅಡಿಕೆ ತೋಟಗಳ ನಡುವೆ ನಮ್ಮದೊಂದು ಚಿಕ್ಕ ಬಸದಿ. ಸಾವಿರ ಕಂಬದ ಬಸದಿಯನ್ನು ನೋಡಲು ಬಂದವರು ಇಲ್ಲಿಗೆ ಬರುವುದಿಲ್ಲ. ಬರುವವರು ಹೆಚ್ಚಾಗಿ ಈ ಊರಿನಿಂದ ಹೊರಗೆ ಹೋಗಿ ನೆಲೆಸಿದ ಮನೆತನಗಳವರು, ಹರಕೆಯವರು. ಅವರಿಗಾಗಿ ಊರಿನ ಒಬ್ಬ ಹುಡುಗ ಪ್ರೀತಿಯಿಂದ ಒಂದು ವೆಬ್‌ಸೈಟು ಮಾಡಿದ್ದ. ಬಸದಿಯ ಇತಿಹಾಸ, ಪೂಜೆಯ ಹೊತ್ತು, ವಾರ್ಷಿಕೋತ್ಸವದ ವಿವರ, ಬರುವ ದಾರಿ, ಕೆಲವು ಫೋಟೊ. ಆಮೇಲೆ ಅವನಿಗೆ ದೂರದಲ್ಲಿ ಕೆಲಸ ಸಿಕ್ಕಿತು, ಹೋದ. ವೆಬ್‌ಸೈಟು ಇದ್ದ ಹಾಗೆಯೇ ಇತ್ತು.

ಹುಬ್ಬಳ್ಳಿ ಕಡೆಯಿಂದ ಒಂದು ವರ್ಷ ಮೂವರು ಬಂದರು. ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಸೊಸೆ. ವಾರ್ಷಿಕೋತ್ಸವದ ದಿನ ಅಭಿಷೇಕ ನೋಡಬೇಕೆಂದು ರಾತ್ರಿ ಬಸ್ಸು ಹಿಡಿದು, ಎರಡು ಕಡೆ ಬಸ್ಸು ಬದಲಿಸಿ, ಮುಖ್ಯರಸ್ತೆಯಿಂದ ರಿಕ್ಷಾ ಮಾಡಿಕೊಂಡು ಬಂದರೆ ಬಸದಿಯ ಬಾಗಿಲು ಹಾಕಿದೆ. ತೋರಣವಿಲ್ಲ, ಚಪ್ಪರವಿಲ್ಲ. ಸೊಸೆ ಫೋನ್ ತೆಗೆದು ತೋರಿಸಿದಳು. ಅದರಲ್ಲಿ ಫೆಬ್ರವರಿ 21 ಎಂದೇ ಇತ್ತು. ಯಾವ ವರ್ಷದ ಫೆಬ್ರವರಿ ಎಂದು ಇರಲಿಲ್ಲ. ನಮ್ಮ ಉತ್ಸವ ನಡೆಯುವುದು ತಿಥಿಯ ಮೇಲೆ. ಚಾಂದ್ರಮಾನದ ವರ್ಷ ಕ್ಯಾಲೆಂಡರಿನ ವರ್ಷಕ್ಕಿಂತ ಹನ್ನೊಂದು ದಿನದಷ್ಟು ಚಿಕ್ಕದು, ನಡುವೆ ಅಧಿಕಮಾಸ ಬಂದರೆ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ಒಂದು ವರ್ಷದ ತಾರೀಕು ಮುಂದಿನ ವರ್ಷಕ್ಕೆ ಸಲ್ಲುವುದೇ ಇಲ್ಲ.

ಇಂದ್ರರು ಬಂದು ಬಾಗಿಲು ತೆಗೆದು ಮಂಗಳಾರತಿ ಮಾಡಿದರು. (ನಮ್ಮ ತುಳುನಾಡಿನಲ್ಲಿ ಬಸದಿಯ ಪುರೋಹಿತರನ್ನು ಇಂದ್ರರು ಎನ್ನುವುದು ವಾಡಿಕೆ.) ಅವರ ಮನೆಯವರು ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ಗಡಿಬಿಡಿಯಲ್ಲಿ ಗಂಜಿ, ಬಾಳೆಕಾಯಿ ಪಲ್ಯ ಮಾಡಿ ಬಡಿಸಿದರು. ಬಂದವರು ಒಂದು ಮಾತು ಆಡಲಿಲ್ಲ. ಅಜ್ಜಿ ಮಾತ್ರ, “ಇನ್ನೊಂದ್ ಸಲ ಬರೂವಷ್ಟು ಕಾಲಾಗ ಶಕ್ತಿ ಇಲ್ರೀ” ಎಂದರಂತೆ.

ಬಸದಿಯ ಮುಂದಿನ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ಮೊಕ್ತೇಸರರು ಒಳ್ಳೆಯ ಮನುಷ್ಯ, ಬಸದಿಗಾಗಿ ಕೈಯಿಂದ ಖರ್ಚು ಮಾಡಿದವರು. ಅವರು ಹೇಳಿದರು: “ಪಾಪ, ತೊಂದರೆ ಆದದ್ದು ಹೌದು ಟೀಚರೇ. ಆದರೆ ಒಂದು ತಾರೀಕು ತಪ್ಪಿದ್ದಕ್ಕೆ ಹಿಂಸೆ ಅಂತ ದೊಡ್ಡ ಮಾತು ಎಂತಕ್ಕೆ? ಯಾರ ಪ್ರಾಣ ಹೋಯಿತು?”

ಪ್ರಶ್ನೆ ನ್ಯಾಯವಾದದ್ದೇ. ಎಲ್ಲ ಅನನುಕೂಲಗಳನ್ನೂ ಹಿಂಸೆ ಎಂದು ಕರೆದುಬಿಟ್ಟರೆ ಆ ಶಬ್ದದ ಭಾರ ಉಳಿಯುವುದಿಲ್ಲ. ಶಾಸ್ತ್ರದಲ್ಲಿ ಪ್ರಾಣಗಳಿಗೂ ಲೆಕ್ಕವಿದೆ: ಐದು ಇಂದ್ರಿಯ, ಮನೋವಚನಕಾಯಗಳ ಮೂರು ಬಲ, ಉಸಿರು, ಆಯುಸ್ಸು, ಒಟ್ಟು ಹತ್ತು. ಅಜ್ಜಿಯ ಬಸ್ಸಿನ ದುಡ್ಡು ಈ ಹತ್ತರಲ್ಲಿ ಯಾವುದು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ. ಕಳವು ಯಾಕೆ ಹಿಂಸೆ ಎಂದು ವಿವರಿಸುವಾಗ ಅವರು ಮನುಷ್ಯನ ಹಣವನ್ನು ಅವನ ಹೊರಗಿನ ಪ್ರಾಣ ಎನ್ನುತ್ತಾರೆ. ಮೈಯೊಳಗೆ ಓಡಾಡುವ ಪ್ರಾಣ ಒಂದು, ಮೈಯ ಹೊರಗೆ ಓಡಾಡುವ ಪ್ರಾಣ ಒಂದು. ಬಡವನ ಗಂಟಿಗೆ ಕೈ ಹಾಕಿದರೆ ಅವನ ಉಸಿರಿಗೇ ಕೈ ಹಾಕಿದಂತೆ. ಅಜ್ಜಿ ಆ ಪ್ರಯಾಣಕ್ಕೆ ಹಾಕಿದ್ದು ಹಣ, ಉಳಿದ ಕಾಲ್ಬಲ, ಮತ್ತೆಂದೂ ಒದಗದ ಒಂದು ದಿನ. ನಮ್ಮ ಬಸದಿಯ ಹೆಸರು ಹೊತ್ತ ಒಂದು ಪುಟವನ್ನು ನಂಬಿ ಹಾಕಿದ್ದು. ಮೊಕ್ತೇಸರರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೀವೇ ನೋಡಿಕೊಳ್ಳಿ” ಎಂದರು. ಕೆಲಸ ಹೀಗೆ ನನ್ನ ಪಾಲಿಗೆ ಬಂತು.

ಚಿಕ್ಕ ವೆಬ್‌ಸೈಟನ್ನು ನೋಡಿಕೊಳ್ಳುವುದು ಕಂಪ್ಯೂಟರ್ ಇಂಜಿನಿಯರರ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಕಟ್ಟುವಾಗ ಅವರು ಬೇಕು. ಕಟ್ಟಿದ ಮೇಲೆ ಬೇಕಾದ್ದು ದಿನ ಬಿಟ್ಟು ದಿನವಾದರೂ ಕಣ್ಣು ಹಾಯಿಸುವ ಒಬ್ಬ ಮನುಷ್ಯ. ನಾನು ಮೊದಲು ಮಾಡಿದ್ದು ತಾರೀಕುಗಳ ಕೆಲಸ. ಎಲ್ಲೆಲ್ಲಿ ದಿನಾಂಕವಿದೆಯೋ ಅಲ್ಲೆಲ್ಲ ತಿಥಿ, ವಾರ, ತಾರೀಕು, ಇಸವಿ ನಾಲ್ಕೂ ಬರೆದೆ. ‘ಈ ಭಾನುವಾರ’, ‘ಮುಂದಿನ ತಿಂಗಳು’, ‘ಇತ್ತೀಚೆಗೆ’ ಎಂಬ ಮಾತುಗಳನ್ನೆಲ್ಲ ತೆಗೆದೆ. ಬರೆದ ದಿನ ನಿಜವಾಗಿದ್ದ ಈ ಮಾತುಗಳು ಹದಿನೈದು ದಿನ ಕಳೆದರೆ ಸುಳ್ಳಾಗುತ್ತವೆ. ಯಾರೂ ಸುಳ್ಳು ಹೇಳದೆಯೇ ಸುಳ್ಳು ಹುಟ್ಟುತ್ತದೆ. ಮುಗಿದ ಕಾರ್ಯಕ್ರಮದ ಆಮಂತ್ರಣ ಮುಗಿದ ಮರುದಿನವೇ ‘ನಡೆದ ಕಾರ್ಯಕ್ರಮಗಳು’ ಎಂಬ ಪುಟಕ್ಕೆ ಹೋಗಬೇಕು. ಮುಂದಿನ ವರ್ಷದ ತಾರೀಕು ಗೊತ್ತಾಗಿಲ್ಲವಾದರೆ ‘ಇನ್ನೂ ನಿಗದಿಯಾಗಿಲ್ಲ, ಹೊರಡುವ ಮೊದಲು ಫೋನ್ ಮಾಡಿ’ ಎಂದೇ ಬರೆಯಬೇಕು. ಖಾಲಿ ಬಿಟ್ಟರೆ ಓದುವವರು ಹಳೆಯದನ್ನು ಎಲ್ಲಿಂದಲೋ ಹುಡುಕಿಕೊಳ್ಳುತ್ತಾರೆ. ಪ್ರತಿ ಪುಟದ ಕೆಳಗೆ ಅದನ್ನು ಕೊನೆಯದಾಗಿ ನೋಡಿ ಖಚಿತಪಡಿಸಿಕೊಂಡ ದಿನ ಹಾಕಿದೆ. ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಇದನ್ನು ನಂಬಬಹುದೇ, ಎಷ್ಟು ನಂಬಬಹುದು ಎಂದು ತೀರ್ಮಾನಿಸುವ ಹಕ್ಕು ಓದುವವರದು. ಆ ಹಕ್ಕನ್ನು ಕೊಡದೆ ಮಾಹಿತಿಯನ್ನು ಮಾತ್ರ ಕೊಟ್ಟರೆ ಅರ್ಧ ಸತ್ಯ ಹೇಳಿದ ಹಾಗೆ.

ಆಮೇಲೆ ಎಲ್ಲವನ್ನೂ ಇಂದ್ರರ ಫೋನಿನಲ್ಲಿ ತೆರೆದು ನೋಡಿದೆವು. ಅವರದು ಹಳೆಯ ಫೋನು, ಮೂಲೆಯಲ್ಲಿ ಗಾಜು ಬಿರುಕು ಬಿಟ್ಟದ್ದು. ಬಸದಿಯ ಜಗಲಿಯಲ್ಲಿ ಸಿಗ್ನಲ್ ಒಂದು ಗೀಟು, ಕೆಲವೊಮ್ಮೆ ಎರಡು. ನನ್ನ ಮನೆಯ ವೈಫೈನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುವ ಮುಖಪುಟ ಅಲ್ಲಿ ಬಿಳಿಯಾಗಿಯೇ ನಿಂತಿತು. ಮಾನಸ್ತಂಭದ ಫೋಟೊ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಅರ್ಧ ಕಂಬ ಬರುವ ಹೊತ್ತಿಗೆ ಇಂದ್ರರು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಫೋನಿನಲ್ಲಿ ತೆಗೆದ ಫೋಟೊವನ್ನು ಹಾಗೆಯೇ ಏರಿಸಿದ್ದರು, ಒಂದೊಂದೂ ನಾಲ್ಕೈದು ಎಂಬಿ. ಫೋನಿನ ಪರದೆಗೆ ಸಾವಿರದ ಇನ್ನೂರು ಪಿಕ್ಸೆಲ್ ಅಗಲ ಬೇಕಾದಷ್ಟಾಯಿತು. ಅಷ್ಟಕ್ಕೆ ಇಳಿಸಿದರೆ ಇನ್ನೂರು ಕೆಬಿಯೊಳಗೆ ಬರುತ್ತದೆ, ಕಂಬದ ಕೆತ್ತನೆ ಏನೂ ಮಸುಕಾಗುವುದಿಲ್ಲ. ಇದಕ್ಕೆ ಉಚಿತ ಸಾಫ್ಟ್‌ವೇರುಗಳು ಬೇಕಾದಷ್ಟಿವೆ, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.

ಇದರಲ್ಲಿ ಧರ್ಮವೇನು ಬಂತು ಎಂದು ಕೇಳಬಹುದು. ಶ್ರಾವಕರಾದ, ಅಂದರೆ ಗೃಹಸ್ಥರಾದ ನಮಗೆ ಎಲ್ಲ ಹಿಂಸೆಯನ್ನೂ ಬಿಡುವುದು ಸಾಧ್ಯವಿಲ್ಲವೆಂದು ನಮ್ಮ ಆಚಾರಗ್ರಂಥಗಳೇ ಒಪ್ಪುತ್ತವೆ. ಸಂಕಲ್ಪಪೂರ್ವಕ ಹಿಂಸೆಯನ್ನು ಪೂರ್ತಿ ಬಿಡಬೇಕು. ಅಡುಗೆ, ಮನೆಗೆಲಸದಲ್ಲಾಗುವ ಆರಂಭಿ ಹಿಂಸೆ, ದುಡಿಮೆಯಲ್ಲಾಗುವ ಉದ್ಯೋಗಿ ಹಿಂಸೆಗಳನ್ನು ಆದಷ್ಟು ಕಡಿಮೆ ಮಾಡಬೇಕು. ನೀರನ್ನು ಬಟ್ಟೆಯಲ್ಲಿ ಸೋಸುತ್ತೇವೆ, ಕುಡಿಯುವುದನ್ನು ಬಿಡುವುದಿಲ್ಲ. ವಿದ್ಯುತ್ತು ಅಗ್ನಿಕಾಯ ಜೀವವೇ, ಅಲ್ಲವೇ ಎಂದು ಜೈನ ಸಾಧುಗಳಲ್ಲಿ ಚರ್ಚೆಯೇ ನಡೆದಿದೆ. ಮೈಕು ಕೂಡ ಬಳಸದ ಸಂಪ್ರದಾಯಗಳಿವೆ. ನಮ್ಮ ಪುಟವೊಂದು ತೆರೆದಾಗಲೆಲ್ಲ ಎಲ್ಲೋ ಒಂದು ಯಂತ್ರ ಬಿಸಿಯಾಗುತ್ತದೆ, ಯಾರದೋ ಡಾಟಾ ಖರ್ಚಾಗುತ್ತದೆ. ಅದನ್ನು ಹತ್ತನೆಯ ಒಂದು ಪಾಲಿಗೆ ಇಳಿಸುವುದು ನನ್ನ ಕೈಯಲ್ಲಿದ್ದೂ ಇಳಿಸದಿದ್ದರೆ ಸೋಸದ ನೀರು ಕುಡಿದ ಹಾಗೆಯೇ.

ಊರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸೌಲಭ್ಯ ಈಗಿನ ಫೋನುಗಳಲ್ಲಿ ಇದೆಯಲ್ಲ, ಅದನ್ನು ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ. ನಾನು ಹೋದಾಗ, “ನಿಮ್ಮ ವೆಬ್‌ಸೈಟು ನನ್ನ ಹತ್ತಿರ ಮಾತಾಡುವುದಿಲ್ಲ ಟೀಚರೇ” ಎಂದರು. ಆನ್ ಮಾಡಿ ಕೇಳಿಸಿದರು. ದಶಲಕ್ಷಣ ಪರ್ವದ ಹತ್ತು ದಿನದ ಕಾರ್ಯಕ್ರಮದ ಪುಟದಲ್ಲಿ ಫೋನು ಹೇಳಿದ್ದು ‘ಇಮೇಜ್’ ಎಂಬ ಒಂದು ಮಾತು, ಅದರ ಹಿಂದೆ ಏಳೆಂಟು ಅಂಕಿ. ಅಚ್ಚಾದ ಆಮಂತ್ರಣ ಪತ್ರಿಕೆಯ ಫೋಟೊ ತೆಗೆದು ಹಾಕಿದ್ದೆವು. ಕಣ್ಣಿದ್ದವರಿಗೆ ಅದು ಅಕ್ಷರ, ಫೋನಿಗೆ ಅದು ಬರೀ ಚಿತ್ರ. ಇತಿಹಾಸದ ಪುಟವಂತೂ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದು. ಆ ಫಾಂಟು ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ, ಓದಿಸಿದರೆ ಓದುವುದಿಲ್ಲ. ಕನ್ನಡ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಕೂತು ಓದಬೇಕು, ಅರ್ಕಾವತ್ತು ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿರುತ್ತವೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ, ಜ್ಞಾನಕ್ಕೆ ಮುಸುಕು ಹಾಕುವ ಕರ್ಮ ಯಾವ ಯಾವ ನಡತೆಯಿಂದ ಅಂಟುತ್ತದೆ ಎಂಬ ಪಟ್ಟಿ ಇದೆ. ಅದರಲ್ಲಿ ಎರಡು ಈ ಕೆಲಸಕ್ಕೆ ನೇರವಾಗಿ ಮುಟ್ಟುತ್ತವೆ. ಒಂದು ಅಂತರಾಯ, ಕಲಿಯುವವರ ದಾರಿಗೆ ಅಡ್ಡ ನಿಲ್ಲುವುದು. ಇನ್ನೊಂದು ನಿಹ್ನವ, ತಿಳಿವು ಯಾರಿಂದ ಬಂತೋ ಅವರನ್ನು ಮರೆಮಾಚುವುದು. ಮೇಷ್ಟ್ರಿಗೆ ಆದದ್ದು ಅಂತರಾಯ. ಆಮಂತ್ರಣವನ್ನು ಅಕ್ಷರವಾಗಿಯೇ ಟೈಪು ಮಾಡಿ ಹಾಕಲು ಬೇಕಾದ್ದು ಅರ್ಧ ಗಂಟೆ. ಪ್ರತಿ ಫೋಟೊದ ಹಿಂದೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆಯುವ ಜಾಗವನ್ನು ಎಲ್ಲ ವೆಬ್‌ಸೈಟುಗಳೂ ಇಟ್ಟಿರುತ್ತವೆ. ‘ಫೋಟೊ ಒಂದು’ ಎಂದು ಬರೆದರೆ ಬರೆಯದ ಹಾಗೆಯೇ. ‘ಬಸದಿಯ ಎದುರು ಮಾನಸ್ತಂಭ, ಏಕಶಿಲೆಯದು, ತುದಿಯಲ್ಲಿ ನಾಲ್ಕು ಕಡೆ ಮುಖ ಮಾಡಿದ ಜಿನಬಿಂಬ’ ಎಂದು ಬರೆದ ಮೇಲೆ ಮೇಷ್ಟ್ರು ಫೋನ್ ಮಾಡಿ, ಆ ಕಂಬದ ಬುಡದಲ್ಲಿ ತಾವು ಹುಡುಗನಾಗಿದ್ದಾಗ ಆಡುತ್ತಿದ್ದ ಆಟದ ಬಗ್ಗೆ ಬಹಳ ಹೊತ್ತು ಮಾತಾಡಿದರು.

ನಿಹ್ನವದ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಮ್ಮ ಬಸದಿಯ ಶಾಸನವನ್ನು ಓದಿದವರು ನಾವಲ್ಲ, ಬಿಸಿಲಿನಲ್ಲಿ ಕೂತು ಪಡಿಯಚ್ಚು ತೆಗೆದ ವಿದ್ವಾಂಸರು. ಅವರ ಪಾಠವನ್ನು ಎತ್ತಿಕೊಂಡು ಹೆಸರು ಬಿಟ್ಟರೆ ಅದು ಕಳವಿಗಿಂತ ಕೆಟ್ಟದ್ದು. ಫೋಟೊ ತೆಗೆದವರ ಹೆಸರು ಫೋಟೊದ ಕೆಳಗೇ ಇರಬೇಕು. ಗೂಗಲಿನಲ್ಲಿ ಹುಡುಕಿ ಸಿಕ್ಕಿದ ಚಿತ್ರವನ್ನು ಹಾಕುವುದೇ ಇಲ್ಲ.

ಕೆಲಸ ಒಂದು ಹದಕ್ಕೆ ಬಂದ ಮೇಲೆ ಬೇರೊಂದು ತೊಡಕು ಬಂತು, ಈ ಸಲ ಒಳಗಿನಿಂದ. ಎಷ್ಟು ಜನ ಬಂದರು, ಯಾವ ಊರಿನಿಂದ, ಎಷ್ಟು ಹೊತ್ತು ನಿಂತರು ಎಂದು ಎಣಿಸಿ ತೋರಿಸುವ ಸಾಧನವೊಂದನ್ನು ಹುಡುಗ ಮೊದಲೇ ಜೋಡಿಸಿದ್ದ. ಬೆಳಗ್ಗೆ ಎದ್ದರೆ ಅದನ್ನು ನೋಡುವ ಆಸೆ. ಮೊಕ್ತೇಸರರೂ ಕೇಳತೊಡಗಿದರು, ಪಕ್ಕದ ಊರಿನ ಬಸದಿಗಿಂತ ನಮ್ಮದಕ್ಕೆ ಹೆಚ್ಚೋ ಕಡಿಮೆಯೋ ಎಂದು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ಉಮಾಸ್ವಾಮಿಗಳು ಹೇಳಿದ್ದನ್ನು ಮೂವತ್ತು ವರ್ಷದಿಂದ ಬಲ್ಲೆ. ಕೈಗೆ ಸಿಗದ, ಬರೀ ಅಂಕಿಯಾದ ಒಂದು ವಸ್ತುವೂ ಮೂರ್ಛೆ ತರಿಸಬಲ್ಲದೆಂದು ಆಗ ಕಂಡೆ. ಅದನ್ನು ತೆಗೆಸಿಬಿಟ್ಟೆ. ಪುಟ ಹಗುರವಾಯಿತು, ಬರುವವರ ಬೆನ್ನ ಹಿಂದೆ ನಿಂತು ಲೆಕ್ಕ ಬರೆಯುವುದೂ ನಿಂತಿತು. ಯಾವ ಪುಟ ಸಿಗದೆ ಜನ ತಪ್ಪು ವಿಳಾಸಕ್ಕೆ ಹೋಗುತ್ತಿದ್ದಾರೆ ಎಂಬ ವರದಿಯನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅದು ದಾರಿ ತಪ್ಪಿದವರಿಗೆ ಬೇಕಾದ್ದು.

ದಾನಿಗಳ ಪಟ್ಟಿಯಲ್ಲಿ ಹೆಸರಿನ ಜೊತೆ ಮನೆ ವಿಳಾಸ, ಫೋನ್ ನಂಬರು, ಕೊಟ್ಟ ಮೊತ್ತ ಎಲ್ಲ ಇತ್ತು. ಕಲ್ಲಿನಲ್ಲಿ ದಾನಿಯ ಹೆಸರು ಕೆತ್ತುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದೇ. ಆದರೆ ಕಲ್ಲಿನ ಮೇಲಿನ ಹೆಸರಿಗೆ ಯಾರೂ ನಡುರಾತ್ರಿ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ನಂಬರುಗಳನ್ನು, ವಿಳಾಸಗಳನ್ನು ಅಳಿಸಿದೆ. ಪೂಜೆಗೆ ಹೆಸರು ಕೊಡುವ ಫಾರಮ್ಮಿನಲ್ಲಿ ಹುಟ್ಟಿದ ದಿನ, ಉದ್ಯೋಗ ಕೇಳುತ್ತಿದ್ದ ಜಾಗಗಳನ್ನೂ ತೆಗೆದೆ. ಯಾತಕ್ಕೆ ಕೇಳಿದ್ದರೆಂದು ಯಾರಿಗೂ ನೆನಪಿರಲಿಲ್ಲ. ಉಪಯೋಗಕ್ಕೆ ಬಾರದ ಪ್ಲಗಿನ್ನುಗಳೂ ಹೀಗೆಯೇ, ಯಾವಾಗಲೋ ಬೇಕೆನಿಸಿ ಸೇರಿಸಿದ್ದು. ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್ನಿನ ಸಂದಿಯಿಂದಲೇ ಸಾಮಾನ್ಯವಾಗಿ ಕಳ್ಳರು ನುಗ್ಗುವುದು. ಶ್ರಾವಕರಿಗೆ ಪರಿಗ್ರಹ ಪರಿಮಾಣ ಎಂಬ ವ್ರತವಿದೆ, ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂದು ತಾನೇ ಮಿತಿ ಹಾಕಿಕೊಳ್ಳುವುದು. ನಮ್ಮ ವೆಬ್‌ಸೈಟಿಗೂ ಅಂಥ ಮಿತಿ ಇದೆ. ನನ್ನ ಕೈಯಲ್ಲಿ ತಿಂಗಳಿಗೊಮ್ಮೆ ಕೂತು ಓದಿ ಮುಗಿಸಲು ಆಗುವಷ್ಟೇ ಪುಟಗಳು. ಹೊಸ ಪುಟ ಬೇಕೆಂದು ಯಾರಾದರೂ ಕೇಳಿದರೆ, ಅದನ್ನು ನೋಡಿಕೊಳ್ಳುವವರು ಯಾರು ಎಂದು ಮೊದಲು ಕೇಳುತ್ತೇನೆ.

ಜ್ಯೇಷ್ಠ ಶುದ್ಧ ಪಂಚಮಿ ನಮಗೆ ಶ್ರುತಪಂಚಮಿ. ಗಿರಿನಾರದ ಗುಹೆಯಲ್ಲಿದ್ದ ಧರಸೇನಾಚಾರ್ಯರು, ಬಾಯಿಂದ ಬಾಯಿಗೆ ಬಂದ ಆಗಮಜ್ಞಾನ ತಮ್ಮೊಂದಿಗೆ ಮುಗಿದುಹೋದೀತೆಂದು ಕಳವಳಪಟ್ಟು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಕಲಿಸಿದರು. ಅವರು ಅದನ್ನು ಷಟ್ಖಂಡಾಗಮವಾಗಿ ಬರೆದು ಮುಗಿಸಿದ ದಿನವೆಂದು ಈ ಹಬ್ಬ. ಆ ದಿನ ಓಲೆಗರಿಯ ಕಟ್ಟುಗಳನ್ನು ಹೊರಗೆ ತೆಗೆಯುತ್ತೇವೆ. ನಮ್ಮ ಬಸದಿಯಲ್ಲಿರುವುದು ಕೆಲವೇ ಕಟ್ಟು. ಕೆಂಪು ಬಟ್ಟೆ ಬಿಚ್ಚಿ, ಎರಡು ಮರದ ಹಲಗೆಗಳ ನಡುವಿನ ಗರಿಗಳನ್ನು ದಾರ ಸಡಿಲಿಸಿ ಒಂದೊಂದಾಗಿ ತಿರುವಬೇಕು. ಮೆತ್ತನೆಯ ಕುಂಚದಿಂದ ಧೂಳು ಒರೆಸಬೇಕು. ಹುಳ ಕೊರೆದ ತೂತು ಹೊಸದೋ ಹಳೆಯದೋ ಎಂದು ನೋಡಬೇಕು, ಹೊಸದಾದರೆ ತೂತಿನ ಬಾಯಲ್ಲಿ ನವಿರಾದ ಹುಡಿ ಇರುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಉದ್ದಕ್ಕೆ ಸವರಿದರೆ ಗರಿಗೆ ಮತ್ತೆ ಬಳುಕು ಬರುತ್ತದೆ, ಹುಳವೂ ದೂರ. ಅಂಚಿನಲ್ಲಿರುವ ಗರಿಯ ಸಂಖ್ಯೆ ಸರಿಯಾಗಿದೆಯೇ ನೋಡಿ, ದಾರವನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಕಟ್ಟಿ, ಹೊಸ ಬಟ್ಟೆ ಸುತ್ತಿ ಪೂಜೆ. ಗರಿಯ ಪೂಜೆಗಿಂತ ಗರಿಯ ಆರೈಕೆಗೆ ಹೊತ್ತು ಹೆಚ್ಚು ಹಿಡಿಯುತ್ತದೆ. ಈ ಹಬ್ಬವನ್ನು ಯೋಚಿಸಿ ಇಟ್ಟವರ ಮೇಲೆ ನನಗಿರುವ ಗೌರವ ಇದಕ್ಕಾಗಿಯೇ.

ವೆಬ್‌ಸೈಟಿನ ವಾರ್ಷಿಕ ತಪಾಸಣೆಯನ್ನೂ ನಾನು ಅದೇ ದಿನ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ. ಒಂದೊಂದು ಪುಟದ ಒಂದೊಂದು ಕೊಂಡಿಯನ್ನೂ ಒತ್ತಿ ನೋಡುವುದು. ಸಂಪರ್ಕದ ಫೋನ್ ನಂಬರಿಗೆ ನಿಜವಾಗಿ ಕರೆ ಮಾಡಿ ಯಾರು ಎತ್ತುತ್ತಾರೆಂದು ನೋಡುವುದು. ಡೊಮೇನಿನ ಬಾಡಿಗೆ ಯಾವಾಗ ಮುಗಿಯುತ್ತದೆ, ನೆನಪಿಸುವ ಇಮೇಲು ಯಾರ ಪೆಟ್ಟಿಗೆಗೆ ಹೋಗುತ್ತದೆ ಎಂದು ನೋಡುವುದು. ಪುಟ ಸುರಕ್ಷಿತವೆಂದು ಬ್ರೌಸರಿಗೆ ತೋರಿಸಲು ಬೇಕಾದ ಸರ್ಟಿಫಿಕೇಟು ಇದೆಯಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ನಮ್ಮದರ ಆಯಸ್ಸು 90 ದಿನ. ತಾನಾಗಿಯೇ ನವೀಕರಣವಾಗುವ ಏರ್ಪಾಡಿದ್ದರೂ ಅದು ಸಾಗುತ್ತಿದೆಯೇ ಎಂದು ಆಗಾಗ ನೋಡಬೇಕು. ನಿಂತರೆ ‘ಇದು ಸುರಕ್ಷಿತವಲ್ಲ’ ಎಂಬ ಕೆಂಪು ಎಚ್ಚರಿಕೆ ಬಂದು, ವಯಸ್ಸಾದವರು ಹೆದರಿ ಫೋನನ್ನೇ ಆರಿಸುತ್ತಾರೆ.

ಪ್ರತಿ ಮಾಡಿ ಇಡುವ ವಿಷಯದಲ್ಲಿ ನಮಗೆ ಎರಡು ದೊಡ್ಡ ಪಾಠಗಳಿವೆ. ವೀರಸೇನಾಚಾರ್ಯರ ಧವಳಾ ಟೀಕೆಯೊಂದಿಗೆ ಷಟ್ಖಂಡಾಗಮ ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ. ಭಕ್ತರು ದೂರದಿಂದ ದರ್ಶನ ಮಾಡಿ ಹೋಗುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಒಂದು ಬೆಂಕಿ, ಒಂದು ಸೋರುವ ಮಾಡು ಸಾಕಿತ್ತು. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿದ ಮೇಲೆ ಆ ಭಯ ಕಳೆಯಿತು. ಇನ್ನೊಂದು ಪಾಠ ಅತ್ತಿಮಬ್ಬೆಯದು. ಪೊನ್ನನ ಶಾಂತಿಪುರಾಣ ಅಳಿಯಬಾರದೆಂದು ಹತ್ತನೆಯ ಶತಮಾನದಲ್ಲೇ ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆಕೆ.

ನಮ್ಮ ವೆಬ್‌ಸೈಟಿನ ಪೂರ್ತಿ ಪ್ರತಿ ಈಗ ಮೂರು ಕಡೆ ಇದೆ: ನನ್ನ ಕಂಪ್ಯೂಟರಿನಲ್ಲಿ, ಬಸದಿಯ ಕಪಾಟಿನ ಪೆನ್‌ಡ್ರೈವಿನಲ್ಲಿ, ಬೇರೆ ಊರಿನಲ್ಲಿರುವ ಒಬ್ಬರ ಮನೆಯಲ್ಲಿ. ಪ್ರತಿ ಇದ್ದರೆ ಸಾಲದು, ಅದರಿಂದ ಮತ್ತೆ ಕಟ್ಟಲು ಬರುತ್ತದೆಯೇ ಎಂದು ಒಮ್ಮೆ ಮಾಡಿ ನೋಡಬೇಕು. ಹೋಸ್ಟಿಂಗಿನ ಪಾಸ್‌ವರ್ಡು, ಡೊಮೇನ್ ಖಾತೆ ಮೊದಲು ಆ ಹುಡುಗನ ಸ್ವಂತ ಇಮೇಲಿನಲ್ಲಿತ್ತು. ಅವನು ಸಜ್ಜನ, ಕೇಳಿದ ಕೂಡಲೇ ಕೊಟ್ಟ. ಈಗ ಖಾತೆ ಬಸದಿಯ ಹೆಸರಿನಲ್ಲಿದೆ. ಕೀಲಿ ಇಬ್ಬರ ಬಳಿ ಇದೆ.

ಅಳಿಸುವಾಗ ನನಗೆ ಅತಿ ಹೆಚ್ಚು ಎಚ್ಚರ. ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಿಯಮಗಳಲ್ಲಿ, ಆದಾನನಿಕ್ಷೇಪಣ ಎಂಬುದೊಂದು: ಕಮಂಡಲುವನ್ನಾಗಲಿ ಶಾಸ್ತ್ರವನ್ನಾಗಲಿ ಎತ್ತುವಾಗ, ಇಡುವಾಗ ನೋಡಿ ಸವರಿ ಎತ್ತಬೇಕು, ಇಡಬೇಕು. ಒಂದು ಪುಟದ ವಿಳಾಸ ಬದಲಿಸಿದರೆ, ಆ ವಿಳಾಸವನ್ನು ಯಾರೋ ಡೈರಿಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ, ಯಾರೋ ಮದುವೆಯ ಕಾಗದದಲ್ಲಿ ಅಚ್ಚು ಹಾಕಿಸಿರುತ್ತಾರೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕರೆದೊಯ್ಯುವ ಏರ್ಪಾಡು ಮಾಡದೆ ಒಂದನ್ನೂ ಸರಿಸಬಾರದು. ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್ ಲೀ 1998ರಲ್ಲೇ ವಿಳಾಸಗಳನ್ನು ಬದಲಿಸಬೇಡಿ ಎಂದು ಒಂದು ಬರಹದಲ್ಲಿ ಒತ್ತಿ ಹೇಳಿದ್ದರು. ಜಗತ್ತಿನ ಮೊದಲ ವೆಬ್‌ಸೈಟನ್ನು 2013ರಲ್ಲಿ ಸರ್ನ್ ಸಂಸ್ಥೆಯವರು ಅದರ ಮೂಲ ವಿಳಾಸದಲ್ಲೇ ಮತ್ತೆ ನಿಲ್ಲಿಸಿದ್ದಾರೆ.

ಇಷ್ಟೆಲ್ಲ ಎಚ್ಚರ ಮನಸ್ಸಿಗೆ ಭಾರವಾಗುವುದಿಲ್ಲವೇ ಎಂದು ತಂಗಿ ಕೇಳುತ್ತಾಳೆ. ಭಾರವಾಗುತ್ತಿತ್ತು, ಕುಂದಕುಂದರ ಮಾತಿನ ಎರಡನೆಯ ಅರ್ಧ ಇಲ್ಲದಿದ್ದರೆ. ಕಳೆದ ದೀಪೋತ್ಸವದ ದಿನ ಎಲ್ಲವೂ ಸರಿಯಾಗಿತ್ತು, ತಾರೀಕು, ಇಸವಿ, ಹೊತ್ತು. ಮಧ್ಯಾಹ್ನ ಊರಿನ ಹಿರಿಯರೊಬ್ಬರು ತೀರಿಕೊಂಡರು, ಸೂತಕ ಬಂತು, ಉತ್ಸವ ಮುಂದಕ್ಕೆ ಹೋಯಿತು. ಗೊತ್ತಾದ ಕೂಡಲೇ ಮುಖಪುಟದ ತಲೆಯ ಮೇಲೆ ಹಾಕಿದೆ, ವಾಟ್ಸಾಪಿನಲ್ಲಿ ಹಾಕಿಸಿದೆ. ಆದರೂ ಅಷ್ಟು ಹೊತ್ತಿಗೆ ಹೊರಟಾಗಿದ್ದ ಒಂದು ಕುಟುಂಬ ಬಂದೇ ಬಂತು. ಅವರಿಗಾದ ತೊಂದರೆ ಹುಬ್ಬಳ್ಳಿಯ ಅಜ್ಜಿಗಾದದ್ದಕ್ಕಿಂತ ಕಡಿಮೆಯದಲ್ಲ. ಫಲವನ್ನು ಮಾತ್ರ ತೂಗುವ ತಕ್ಕಡಿಯಲ್ಲಿ ಎರಡೂ ಒಂದೇ. ಆದರೆ ನಮ್ಮ ಧರ್ಮ ತೂಗುವುದು ಫಲವನ್ನಲ್ಲ. ನೋಡಿ ಇಟ್ಟ ಹೆಜ್ಜೆಯಡಿ ಸಿಕ್ಕ ಜೀವಕ್ಕಾಗಿ ಕಣ್ಣೀರಿಡಬಹುದು, ಪ್ರಾಯಶ್ಚಿತ್ತ ಬೇಕಿಲ್ಲ. ಆ ರಾತ್ರಿ ನನಗೆ ನಿದ್ದೆ ಬಂತು. ಕಟುವೆನಿಸುವ ಕುಂದಕುಂದರ ಆ ಮಾತು, ಎಚ್ಚರದಿಂದಿದ್ದವರ ಪಾಲಿಗೆ ಇಷ್ಟು ಕರುಣೆಯುಳ್ಳದ್ದೆಂದು ನನಗೆ ಮೊದಲು ಹೊಳೆದಿರಲಿಲ್ಲ.

ಮೊನ್ನೆಯ ಸಭೆಯಲ್ಲಿ ಮೊಕ್ತೇಸರರು ಕೇಳಿದರು: “ನೀವು ಇರುವಷ್ಟು ದಿನ ಸರಿ ಟೀಚರೇ. ಆಮೇಲೆ ನೋಡುವವರು ಇಲ್ಲದಿದ್ದರೆ?” ಕೂತು ಮಾತಾಡಿ ತೀರ್ಮಾನ ಮಾಡಿದ್ದೇವೆ. ಮುಂದಿನ ಐದು ವರ್ಷದ ಡೊಮೇನ್, ಹೋಸ್ಟಿಂಗಿನ ಹಣವನ್ನು ಬಸದಿಯ ಖಾತೆಯಲ್ಲಿ ಬೇರೆಯಾಗಿ ತೆಗೆದಿಟ್ಟಿದೆ. ಇಂದ್ರರ ಮಗಳು, ಈಗ ಪದವಿ ಎರಡನೇ ವರ್ಷ, ತಿಂಗಳಿಗೊಮ್ಮೆ ನನ್ನ ಜೊತೆ ಕೂರುತ್ತಾಳೆ. ನಾಳೆ ಅವಳೂ ಊರು ಬಿಟ್ಟು ಹೋಗಿ, ಯಾರೂ ಮುಂದೆ ಬಾರದಿದ್ದರೆ, ಅದನ್ನು ಹಾಗೆಯೇ ಕೊಳೆಯಲು ಬಿಡಬಾರದು. ಮೂರು ತಿಂಗಳು ಮೊದಲೇ ಎಲ್ಲ ಪುಟಗಳ ಮೇಲೆ ಮುಚ್ಚುವ ದಿನ ಬರೆದು, ಇತಿಹಾಸ ಮತ್ತು ಶಾಸನದ ಪುಟಗಳ ಪ್ರತಿಯನ್ನು ಜೈನ ಮಠದ ಗ್ರಂಥಭಂಡಾರಕ್ಕೂ ಹತ್ತಿರದ ಕಾಲೇಜಿನ ಲೈಬ್ರರಿಗೂ ಕೊಟ್ಟು, ಪೂಜೆಯ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕೆಂಬ ಒಂದೇ ಪುಟ ಉಳಿಸಿ, ಡೊಮೇನಿನ ಅವಧಿ ಮುಗಿದ ದಿನ ಅದನ್ನೂ ತೆಗೆಯುವುದು. ಮೊಕ್ತೇಸರರು ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿದರು. ಅವರ ಕೆಳಗೆ ನಾನು, ನನ್ನ ಕೆಳಗೆ ಇಂದ್ರರ ಮಗಳು.